ಫಾಲೋವರ್ಸ್ ಇದ್ದರೆ ಬಾಕ್ಸಿಂಗ್ ಸ್ಟಾರ್ ಆಗಬಹುದಾ?

ಪ್ರಶ್ನೆ: ಮಗ ಪಿಯುಸಿ. ಬಾಕ್ಸಿಂಗ್ ಕಲಿಯುತ್ತಿದ್ದಾನೆ, ಆದರೆ ಪ್ರಾಕ್ಟೀಸ್‌ಗಿಂತ ರೀಲ್ಸೇ ಜಾಸ್ತಿ. ಕೇಳಿದರೆ ‘ಈಗ ಫಾಲೋವರ್ಸ್ ಇದ್ದವರಿಗೇ ದೊಡ್ಡ ಫೈಟ್, ಜೇಕ್ ಪಾಲ್ ನೋಡಮ್ಮ’ ಅಂತಾನೆ. ನಿಜಾನಾ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ದುಡ್ಡಿನ ಮಟ್ಟಿಗೆ ನಿಜ. ಜೇಕ್ ಪಾಲ್ ಯೂಟ್ಯೂಬ್‌ನಲ್ಲಿ ಹೆಸರು ಮಾಡಿ ಆಮೇಲೆ ಬಾಕ್ಸಿಂಗ್‌ಗೆ ಬಂದವನು.

ಕೊಡಗಿನವರಿಗೆ ಇದನ್ನು ಹಾಕಿಯಿಂದ ಹೇಳಿದರೆ ಸಲೀಸು. 1997ರಲ್ಲಿ ಕರಡದಲ್ಲಿ ಶುರುವಾದ ಕೌಟುಂಬಿಕ ಹಾಕಿಯಲ್ಲಿ ಒಕ್ಕದ (ಮನೆತನದ) ತಂಡ ಹೆಸರು ಕೊಟ್ಟರೆ ಡ್ರಾದಲ್ಲಿ ಜಾಗ ಸಿಗುತ್ತದೆ. ಗೆದ್ದರೆ ಮುಂದಿನ ಸುತ್ತು, ಸೋತರೆ ಮನೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಇಂಥ ಡ್ರಾ ಇಲ್ಲ. ಯಾರ ಮೇಲೆ ಯಾರು ಅನ್ನುವುದನ್ನು ಪಂದ್ಯ ಏರ್ಪಡಿಸುವ ಪ್ರೊಮೋಟರ್‌ಗಳು ಕೂತು ಕುದುರಿಸುತ್ತಾರೆ. ವಿಶ್ವ ಪಟ್ಟ ಕೊಡುವ ದೊಡ್ಡ ಸಂಸ್ಥೆಗಳೇ ನಾಲ್ಕು, ಒಂದೊಂದಕ್ಕೂ ತನ್ನದೇ ರ‍್ಯಾಂಕಿಂಗ್, ತನ್ನದೇ ಬೆಲ್ಟ್. ಹಾಗಾಗಿ ಟಿಕೆಟ್ ಮಾರಾಟವಾಗುವಂತೆ ಮಾಡುವವನಿಗೆ ಇಲ್ಲಿ ಮೊದಲಿಂದಲೂ ಮಣೆ. 1964ರಲ್ಲಿ ಆಗಿನ ಹೆವಿವೇಟ್ ಚಾಂಪಿಯನ್ ಸನ್ನಿ ಲಿಸ್ಟನ್ ಎದುರು ಇಳಿಯುವ ಮುಂಚೆ, ಮುಂದೆ ಮುಹಮ್ಮದ್ ಅಲಿ ಆದ ಕ್ಯಾಷಿಯಸ್ ಕ್ಲೇ ಬಾಯಲ್ಲೇ ಅರ್ಧ ಪ್ರಚಾರ ಮುಗಿಸಿದ್ದರು. ಆದರೆ ಅವರ ಕೈಯಲ್ಲಿ ಆಗಲೇ 1960ರ ರೋಮ್ ಒಲಿಂಪಿಕ್ಸ್ ಚಿನ್ನವಿತ್ತು.

ಈಗ ಅದು ತಿರುಗಾಮುರುಗಾ ಆಗಿದೆ. ಮೊದಲು ಜನ ಸೇರುತ್ತಾರೆ, ಬಾಕ್ಸಿಂಗ್ ಆಮೇಲೆ. 2019ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕೆಎಸ್‌ಐ ಮತ್ತು ಜೇಕ್‌ನ ಅಣ್ಣ ಲೋಗನ್ ಪಾಲ್ ಎಂಬ ಇಬ್ಬರು ಯೂಟ್ಯೂಬರ್‌ಗಳ ಪಂದ್ಯವೇ ಆ ರಾತ್ರಿಯ ಮುಖ್ಯ ಪಂದ್ಯ. ವಿಶ್ವ ಚಾಂಪಿಯನ್‌ಗಳಾದ ಡೆವಿನ್ ಹೇನಿ, ಬಿಲ್ಲಿ ಜೋ ಸಾಂಡರ್ಸ್ ಈ ಯೂಟ್ಯೂಬರ್‌ಗಳಿಗಿಂತ ಮುಂಚೆ ಆಡಿ ಇಳಿದರು.

2024ರ ನವೆಂಬರ್ 15ರ ಟೆಕ್ಸಸ್ ರಾತ್ರಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. 27ರ ಜೇಕ್ ಪಾಲ್, 58ರ ಮಾಜಿ ಹೆವಿವೇಟ್ ಚಾಂಪಿಯನ್ ಮೈಕ್ ಟೈಸನ್. ಒಂದೊಂದು ಸುತ್ತಿಗೂ ಮೂರು ನಿಮಿಷದ ಬದಲು ಎರಡೇ ನಿಮಿಷ, ಕೈಗೆ 14 ಔನ್ಸ್‌ನ ದಪ್ಪ ಗ್ಲೌಸ್. ಎಂಟು ಸುತ್ತಿನಲ್ಲಿ ಟೈಸನ್ ಹೊಡೆದ ಏಟು ತಗುಲಿದ್ದು 18 ಸಲ, ಪಾಲ್‌ನದು 78. ಆಟವಾಗಿ ನೋಡಿದರೆ ಸಪ್ಪೆ. ಆದರೂ 6 ಕೋಟಿ ಮನೆಗಳಲ್ಲಿ ನೋಡಿದರೆಂದು ನೆಟ್‌ಫ್ಲಿಕ್ಸ್ ಹೇಳಿಕೊಂಡಿತು.

ಅದೇ ರಾತ್ರಿ ಮಹಿಳಾ ಬಾಕ್ಸರ್‌ಗಳಾದ ಕೇಟಿ ಟೇಲರ್ ಮತ್ತು ಅಮಾಂಡಾ ಸೆರಾನೊ ಹತ್ತು ಸುತ್ತು ಎದೆ ನಡುಗಿಸುವಂತೆ ಕಾದಾಡಿದರು. ಹರಿಯಾಣದ ಬಾಕ್ಸರ್ ನೀರಜ್ ಗೋಯತ್ ಬ್ರೆಜಿಲ್‌ನ ಯೂಟ್ಯೂಬರ್ ವಿಂಡರ್ಸನ್ ನೂನಿಸ್‌ನನ್ನು ಸೋಲಿಸಿದರು. ಹತ್ತು ವರ್ಷಕ್ಕೂ ಮೇಲ್ಪಟ್ಟು ವೃತ್ತಿಪರರಾಗಿದ್ದ ಗೋಯತ್ ಹೆಸರು ನಮ್ಮಲ್ಲಿ ಎಷ್ಟೋ ಜನರ ಕಿವಿಗೆ ಬಿದ್ದದ್ದು ಆಗಲೇ. ಪಾಲ್‌ಗೆ ಅವರು ಬಹಿರಂಗ ಸವಾಲು ಹಾಕುತ್ತಲೇ ಇದ್ದರು ಅನ್ನುವುದನ್ನೂ ಮರೆಯಬಾರದು. ಅಂದರೆ ಈ ಹೈಪ್‌ನಿಂದ ಅಸಲಿ ಬಾಕ್ಸರ್‌ಗಳಿಗೂ ವೇದಿಕೆ ಸಿಕ್ಕಿದೆ. ಬರೀ ಬೈಯುವುದು ನನಗೆ ಸರಿ ಕಾಣುವುದಿಲ್ಲ.

ರಿಂಗ್ ಒಳಗೆ ಮಾತ್ರ ಲೆಕ್ಕ ಹಳೆಯದೇ. 2023ರಲ್ಲಿ ವೃತ್ತಿಪರ ಬಾಕ್ಸರ್ ಟಾಮಿ ಫ್ಯೂರಿ ಎದುರು ಪಾಲ್ ಸೋತ. 2025ರ ಡಿಸೆಂಬರ್‌ನಲ್ಲಿ ಮಯಾಮಿಯಲ್ಲಿ ಮಾಜಿ ಹೆವಿವೇಟ್ ಚಾಂಪಿಯನ್ ಆಂಟನಿ ಜೋಶುವಾ ಅವನನ್ನು ಆರನೇ ಸುತ್ತಿನಲ್ಲಿ ಮಲಗಿಸಿದರು. ದವಡೆ ಮುರಿಯಿತು. ಹಣ ಬಂತು ಬಿಡಿ.

ಇನ್ನು ನಿಮ್ಮ ಮಗನ ವಿಷಯ. ಭಾರತದಲ್ಲಿ ದಾರಿ ಇನ್ನೂ ಬಹುಮಟ್ಟಿಗೆ ಪದಕದ ಮೂಲಕವೇ. ವಿಜೇಂದರ್ ಸಿಂಗ್ 2008ರಲ್ಲಿ ಬೀಜಿಂಗ್ ಕಂಚು ಗೆದ್ದು 2015ರಲ್ಲಿ ವೃತ್ತಿಪರರಾದರು. ನಿಶಾಂತ್ ದೇವ್ ವೃತ್ತಿಪರರಾದದ್ದು ಪ್ಯಾರಿಸ್ ಒಲಿಂಪಿಕ್ಸ್ ಆಡಿದ ಮೇಲೆ. ಅರ್ಜುನ ಪ್ರಶಸ್ತಿ ಪಡೆದ ಬಾಕ್ಸರ್ ಸಿ.ಸಿ. ಮಾಚಯ್ಯ ನಿಮ್ಮ ಕೊಡಗಿನವರೇ. ಜಿಲ್ಲಾ, ರಾಜ್ಯ ಕೂಟಗಳಲ್ಲಿ ತೂಕ ನೋಡಿ ಡ್ರಾ ಹಾಕುತ್ತಾರೆ, ಫಾಲೋವರ್ಸ್ ಎಷ್ಟೆಂದು ಕೇಳುವುದಿಲ್ಲ.

ರೀಲ್ಸ್ ನಿಲ್ಲಿಸಿ ಅಂತ ಹೇಳುವುದಿಲ್ಲ. ಸ್ಕಿಪ್ಪಿಂಗ್, ಬ್ಯಾಗ್ ಹೊಡೆಯುವುದು, ಗೆದ್ದ ದಿನದ ಫೋಟೊ, ಎಲ್ಲ ಹಾಕಲಿ. ಸ್ಪಾರಿಂಗ್ (ಜೊತೆಗಾರನೊಡನೆ ಅಭ್ಯಾಸದ ಕಾದಾಟ) ವಿಡಿಯೊ ಮಾತ್ರ ಕೋಚ್ ಒಪ್ಪಿದ ಮೇಲೆ: ಎಡಗೈ ಯಾವಾಗ ಕೆಳಗಿಳಿಯುತ್ತದೆ ಅನ್ನುವುದನ್ನು ಮುಂದಿನ ಎದುರಾಳಿಯೂ ಅದರಲ್ಲೇ ನೋಡುತ್ತಾನೆ. ಮುಖ ಚೆನ್ನಾಗಿ ಕಾಣಲಿ ಅಂತ ಹೆಡ್‌ಗಾರ್ಡ್ ತೆಗೆದು ಸ್ಪಾರಿಂಗ್ ಮಾಡಿದರೆ ಆ ದಿನವೇ ಫೋನ್ ಕಿತ್ತುಕೊಳ್ಳಿ.