ಪರಾವಲಂಬಿಯ ಮೈಮೇಲಿನ ಸಕ್ಕರೆ

1910ರಲ್ಲಿ ರೊನಾಲ್ಡ್ ರಾಸ್ ಮತ್ತು ಡೇವಿಡ್ ಥಾಮ್ಸನ್ ನಿದ್ರಾರೋಗಿಯೊಬ್ಬನ ರಕ್ತದಲ್ಲಿದ್ದ ಟ್ರಿಪನೊಸೋಮಗಳನ್ನು, ಅಂದರೆ ಆ ರೋಗ ತರುವ ಏಕಕೋಶ ಪರಾವಲಂಬಿಗಳನ್ನು, ದಿನವೂ ಎಣಿಸಿದಾಗ, ಅವುಗಳ ಸಂಖ್ಯೆ ಕೆಲವು ದಿನ ಏರಿ, ಹಠಾತ್ತನೆ ಕುಸಿದು, ಮತ್ತೆ ಏರುತ್ತಿದ್ದುದು ಕಂಡುಬಂತು. ದೇಹ ಅವುಗಳನ್ನು ಗುರುತಿಸಿ ಕೊಲ್ಲುತ್ತಿದ್ದರೂ ರೋಗ ಮುಗಿಯುತ್ತಿರಲಿಲ್ಲ.

ಕಾರಣ ಅವುಗಳ ಹೊರಮೈಯಲ್ಲಿತ್ತು. 1969ರಲ್ಲಿ ಕೀತ್ ವಿಕರ್ಮನ್ ಈ ಜೀವಿಯ ಮೈಯನ್ನು ಆವರಿಸಿರುವ ದಟ್ಟ ಹೊದಿಕೆಯನ್ನು ವಿವರಿಸಿದರು. ಅದು ಸಕ್ಕರೆ ಬೆಸೆದ ಪ್ರೋಟೀನಿನ ಹೊದಿಕೆಯೆಂದೂ, ಪರಾವಲಂಬಿ ತನ್ನ ರೂಪ ಬದಲಿಸಿದಾಗಲೆಲ್ಲ ಆ ಪ್ರೋಟೀನೂ ಬದಲಾಗುತ್ತದೆಂದೂ 1975ರಲ್ಲಿ ಜಾರ್ಜ್ ಕ್ರಾಸ್ ತೋರಿಸಿದರು. ಹಳೆಯ ಹೊದಿಕೆಗೆಂದು ದೇಹ ತಯಾರಿಸಿದ ಪ್ರತಿಕಾಯಗಳಿಗೆ ಹೊಸ ಹೊದಿಕೆ ಅಪರಿಚಿತ.

ಇಷ್ಟಾದರೂ ಎಲ್ಲರ ಗಮನ ಪ್ರೋಟೀನಿನ ಮೇಲೆಯೇ ಇತ್ತು. 1988ರಲ್ಲಿ ಮೈಕೆಲ್ ಫರ್ಗುಸನ್ ಮತ್ತು ಸಂಗಡಿಗರು ಈ ಪ್ರೋಟೀನನ್ನು ಕೋಶಪೊರೆಗೆ ಕಟ್ಟಿಹಾಕುವ ಲಂಗರಿನ ಪೂರ್ಣ ರಚನೆಯನ್ನು ಬಿಡಿಸಿಟ್ಟರು. ಮೂರು ಮ್ಯಾನೋಸ್, ಒಂದು ಗ್ಲೂಕೋಸಮೀನ್ ಎಂಬ ಸಕ್ಕರೆಗಳು, ಅವುಗಳಡಿಯಲ್ಲಿ ಕೊಬ್ಬಿಗೆ ಅಂಟಿದ ಇನೊಸಿಟಾಲ್: ಇದೇ ಜಿಪಿಐ ಎಂಬ ಲಂಗರು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ದಿಕ್ಕು ಬದಲಾದದ್ದು ಇಲ್ಲಿ. ಏಕೆಂದರೆ ಇದೇ ತಿರುಳು ಯೀಸ್ಟಿನಿಂದ ಮನುಷ್ಯನವರೆಗೆ ಕಾಣಸಿಗುತ್ತದೆ. ಹೀಗಾಗಿ ಔಷಧಿಯ ಗುರಿಯನ್ನು ಆ ತಿರುಳಿನಲ್ಲಿ ಅಲ್ಲ, ಟ್ರಿಪನೊಸೋಮ ಅದರ ಬದಿಗೆ ಜೋಡಿಸುವ ಗ್ಯಾಲಕ್ಟೋಸ್ ಕವಲುಗಳಂಥ ಸಣ್ಣ ವ್ಯತ್ಯಾಸಗಳಲ್ಲಿ ಹುಡುಕಬೇಕಾಯಿತು.

ಕಾಲಾ ಅಜಾರ್ ತರುವ ಲೀಶ್ಮೇನಿಯಾ ಜಾತಿಯ ಪರಾವಲಂಬಿಗಳು ಮರಳುನೊಣದ ಕರುಳಿನ ಗೋಡೆಗೆ ಅಂಟಿಕೊಳ್ಳಲು ಸಕ್ಕರೆಯ ಉದ್ದನೆಯ ಸರಪಳಿಗಳನ್ನು ಬಳಸುತ್ತವೆ. ಇವುಗಳಲ್ಲಿ ಕೆಲವು ಸೋಂಕು ಹರಡಲು ಸಿದ್ಧವಾದಾಗ ಆ ಸರಪಳಿಯ ಸಕ್ಕರೆಗಳನ್ನೇ ಮಾರ್ಪಡಿಸಿಕೊಂಡು ಹಿಡಿತ ಬಿಡುತ್ತವೆ.

ಮಲೇರಿಯಾದ ಕಥೆ ಇನ್ನೂ ಹಳೆಯದು. ಕೆಂಪು ರಕ್ತಕಣಗಳು ಒಡೆಯುವ ಹೊತ್ತಿಗೇ ಜ್ವರ ಏರುತ್ತದೆಂಬುದನ್ನು ಕಾಮಿಲ್ಲೋ ಗಾಲ್ಜಿ 1880ರ ದಶಕದಲ್ಲೇ ಗಮನಿಸಿದ್ದರು. ಆ ಕ್ಷಣದಲ್ಲಿ ಹೊರಬೀಳುವ ವಿಷ ಯಾವುದೆಂಬ ಪ್ರಶ್ನೆಗೆ, ಅದು ಪರಾವಲಂಬಿಯ ಜಿಪಿಐ ಇರಬಹುದೆಂದು ಲೂಯಿ ಸ್ಕೋಫೀಲ್ಡ್ 1993ರಲ್ಲಿ ಪ್ರಯೋಗಗಳ ಆಧಾರದಲ್ಲಿ ವಾದಿಸಿದರು. 2002ರಲ್ಲಿ ಅವರು ಮತ್ತು ಪೀಟರ್ ಸೀಬರ್ಗರ್ ಪ್ರಯೋಗಾಲಯದಲ್ಲಿ ಕೃತಕವಾಗಿ ಕಟ್ಟಿದ ಅದೇ ಸಕ್ಕರೆಯನ್ನು ಪ್ರೋಟೀನಿಗೆ ಜೋಡಿಸಿ ಇಲಿಗಳಿಗೆ ಚುಚ್ಚಿದಾಗ, ರಕ್ತದಲ್ಲಿ ಪರಾವಲಂಬಿಗಳು ಕಡಿಮೆಯಾಗದಿದ್ದರೂ ಬಹುಪಾಲು ಇಲಿಗಳು ತೀವ್ರ ಮಲೇರಿಯಾದಿಂದ ಪಾರಾದವು. ಸೋಂಕನ್ನು ಅಳಿಸದೆಯೂ ಸಾವನ್ನು ತಡೆಯಬಹುದೆಂಬ ಈ ಫಲಿತಾಂಶಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಅದಕ್ಕೆ ಕಾರಣವೂ ಉಂಟು: ಸಕ್ಕರೆಗಳನ್ನು ಪ್ರೋಟೀನಿನಂತೆ ವಂಶವಾಹಿಯಿಂದ ನೇರವಾಗಿ ಓದಿ ತಯಾರಿಸಲಾಗದು. ಪ್ರೋಟೀನಿಗೆ ಜೋಡಿಸದ ಸಕ್ಕರೆ ದೇಹದಲ್ಲಿ ಗಟ್ಟಿಯಾದ ರೋಗನಿರೋಧಕ ನೆನಪನ್ನೂ ಮೂಡಿಸದು. ವಿಶ್ವ ಆರೋಗ್ಯ ಸಂಸ್ಥೆ 2021 ಮತ್ತು 2023ರಲ್ಲಿ ಶಿಫಾರಸು ಮಾಡಿದ ಎರಡೂ ಮಲೇರಿಯಾ ಲಸಿಕೆಗಳ ಗುರಿ ಪರಾವಲಂಬಿಯ ಒಂದು ಪ್ರೋಟೀನೇ ಆಗಿದೆ.