ಬೋರ್ಡ್ ಕೊಳ್ಳುವ ಮುನ್ನ ಪ್ಯಾನೆಲ್‌ನ ಬೆನ್ನು ನೋಡಿ

ಕೆಟ್ಟ ಲ್ಯಾಪ್‌ಟಾಪ್ ಹಿಡಿದು ನನ್ನಲ್ಲಿಗೆ ಬರುವ ಹಲವರು ಜೊತೆಗೆ ಒಂದು ಎಚ್‌ಡಿಎಂಐ ಕೇಬಲ್ಲನ್ನೂ ತಂದಿರುತ್ತಾರೆ. "ಸಾರ್, ಮದರ್‌ಬೋರ್ಡ್ ಹೋಗಿದೆಯಂತೆ, ರಿಪೇರಿ ಬೇಡ. ಸ್ಕ್ರೀನ್ ಚೆನ್ನಾಗೇ ಇದೆಯಲ್ಲ, ಮಗಳಿಗೆ ಮಾನಿಟರ್ ಮಾಡಿಕೊಡಿ" ಅನ್ನುತ್ತಾರೆ. ಆಸೆ ಸರಿಯಾದದ್ದೇ. ಎಷ್ಟೋ ಸಲ ಮದರ್‌ಬೋರ್ಡ್ ಸತ್ತ ಮೇಲೂ ಪ್ಯಾನೆಲ್, ಅಂದರೆ ಪರದೆಯ ಹಲಗೆ, ವರ್ಷಗಟ್ಟಲೆ ಬಾಳುತ್ತದೆ. ಆದರೆ ಲ್ಯಾಪ್‌ಟಾಪ್ ಪಕ್ಕದ ಎಚ್‌ಡಿಎಂಐ ಪೋರ್ಟ್ ಸಾಮಾನ್ಯವಾಗಿ ಚಿತ್ರವನ್ನು ಹೊರಗೆ ಕಳಿಸುತ್ತದೆಯೇ ಹೊರತು ಒಳಗೆ ತೆಗೆದುಕೊಳ್ಳುವುದಿಲ್ಲ. ಪ್ಯಾನೆಲ್ ಬಿಚ್ಚಿ, ಅದಕ್ಕೆ ಹೊಂದುವ ಕಂಟ್ರೋಲರ್ ಬೋರ್ಡ್ ಜೋಡಿಸಲೇಬೇಕು. ಬಂದ ಚಿತ್ರವನ್ನು ಪ್ಯಾನೆಲ್‌ಗೆ ಬೇಕಾದ ರೂಪಕ್ಕೆ ಬದಲಿಸುವುದು, ಪರದೆಯನ್ನು ಹಿಂದಿನಿಂದ ಬೆಳಗಿಸುವ ಬ್ಯಾಕ್‌ಲೈಟ್‌ಗೆ ಕರೆಂಟ್ ಕೊಡುವುದು, ಎರಡೂ ಆ ಬೋರ್ಡಿನ ಕೆಲಸ.

ಇಲ್ಲಿ ಜನ ಅವಸರ ಮಾಡುತ್ತಾರೆ. '15.6 ಇಂಚಿನ ಬೋರ್ಡ್' ಎಂದು ಹುಡುಕಿ ತರಿಸಿಬಿಡುತ್ತಾರೆ. ಇಂಚು ನೋಡಿ ಬೋರ್ಡ್ ಕೊಳ್ಳಲಾಗದು. ಪ್ಯಾನೆಲ್ ಹೊರತೆಗೆದು ಹಿಂದಿನ ಸ್ಟಿಕರ್ ಓದಿ. ಲ್ಯಾಪ್‌ಟಾಪ್ ಕಂಪನಿ ಯಾವುದಾದರೇನು, ಪ್ಯಾನೆಲ್ ಮಾಡಿದವರು ಎಲ್‌ಜಿ, ಸ್ಯಾಮ್‌ಸಂಗ್, ಎಯುಒ, ಇನ್ನೊಲಕ್ಸ್, ಬಿಒಇ ಇಂಥವರು. ಅವರ ಮಾದರಿ ಸಂಖ್ಯೆಯನ್ನು ಕೊನೆಯ ಅಕ್ಷರದವರೆಗೂ ಬರೆದುಕೊಳ್ಳಿ. ಎಲ್‌ಜಿಯ ಎಲ್‌ಪಿ156ಡಬ್ಲ್ಯುಎಚ್3 ಎಂಬ ಒಂದೇ ಮಾದರಿಯಲ್ಲಿ, ಆ ಸಂಖ್ಯೆಯ ನಂತರ 'ಟಿಎಲ್' ಎಂದಿದ್ದರೆ ಎಲ್‌ವಿಡಿಎಸ್, 'ಟಿಪಿ' ಎಂದಿದ್ದರೆ ಇಡಿಪಿ. ಇವೆರಡೂ ಪ್ಯಾನೆಲ್‌ಗೆ ಚಿತ್ರ ಸಾಗಿಸುವ ಬೇರೆ ಬೇರೆ ವಿಧಾನಗಳು. ಒಂದರ ಬೋರ್ಡ್ ಇನ್ನೊಂದಕ್ಕೆ ಆಗುವುದಿಲ್ಲ. ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಲ್‌ವಿಡಿಎಸ್, ಈಚಿನವುಗಳಲ್ಲಿ ಇಡಿಪಿ. ಕನೆಕ್ಟರಿನ ಪಿನ್ ಎಣಿಸಿ ತೀರ್ಮಾನಿಸಬೇಡಿ, 40 ಪಿನ್ನಿನವು ಎರಡರಲ್ಲೂ ಇವೆ. ಮಾರುವವರಿಗೆ ಸ್ಟಿಕರಿನ ಫೋಟೋ ಕಳಿಸಿ, ಅದೇ ಪ್ಯಾನೆಲ್‌ಗೆ ಪ್ರೋಗ್ರಾಮ್ ಮಾಡಿದ ಬೋರ್ಡನ್ನೂ ಕೇಬಲನ್ನೂ ಒಟ್ಟಿಗೆ ಕೇಳಿ. ಪ್ರೋಗ್ರಾಮ್ ತಪ್ಪಿದರೆ ಚಿತ್ರ ಎಳೆದಂತಾಗುತ್ತದೆ, ಇಲ್ಲವೇ ಬಣ್ಣ ಕೆಡುತ್ತದೆ. ಅದನ್ನು ಮತ್ತೆ ಸರಿಮಾಡಬಹುದು.

ವೋಲ್ಟೇಜ್ ತಪ್ಪಿದರೆ ಸರಿಮಾಡಲಾಗದು. ಹಲವು ಬಗೆಯ ಪ್ಯಾನೆಲ್‌ಗೆ ಹೊಂದುವ ಯೂನಿವರ್ಸಲ್ ಎಲ್‌ವಿಡಿಎಸ್ ಬೋರ್ಡಿನ ಮೇಲೆ ಪುಟ್ಟದೊಂದು ಜಂಪರ್, ಅಂದರೆ ಪ್ಯಾನೆಲ್‌ಗೆ ಹೋಗುವ ವೋಲ್ಟೇಜ್ ಆರಿಸುವ ಪಿನ್ ಮುಚ್ಚಳ, ಇರುತ್ತದೆ: 3.3, 5, 12 ವೋಲ್ಟ್. ಲ್ಯಾಪ್‌ಟಾಪ್ ಪ್ಯಾನೆಲ್ಲಿಗೆ ಬೇಕಾದದ್ದು 3.3. ಡೆಸ್ಕ್‌ಟಾಪ್ ಮಾನಿಟರುಗಳ ಪ್ಯಾನೆಲ್ ಬಹುಪಾಲು 5, ಟಿವಿಯವು ಅನೇಕವು 12. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನಾನು ಜಂಪರ್ ನೋಡದೆ ಅಡಾಪ್ಟರ್ ಚುಚ್ಚಿದೆ. ಪರದೆ ಒಮ್ಮೆ ಬೆಳ್ಳಗೆ ಮಿಂಚಿ ಆರಿಹೋಯಿತು. ಅದು ಕಾಲೇಜು ಹುಡುಗನೊಬ್ಬನ ಪರದೆ. ಬೇರೆ ಪ್ಯಾನೆಲ್ ಹುಡುಕಿ ಹಾಕಿಕೊಟ್ಟೆ, ಆದರೂ ಆ ಹುಡುಗನ ಮುಖ ಇಂದಿಗೂ ಕಣ್ಣ ಮುಂದಿದೆ. ಅಂದಿನಿಂದ ಮೀಟರ್ ಹಿಡಿದು ವೋಲ್ಟೇಜ್ ಅಳೆಯದೆ ಯಾವ ಪ್ಯಾನೆಲ್ಲನ್ನೂ ಜೋಡಿಸಿಲ್ಲ.

ಬಿಚ್ಚುವಾಗ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಕಳಚುವುದು. ಯಂತ್ರ ಸತ್ತಂತೆ ಕಂಡರೂ ಬ್ಯಾಟರಿ ಸತ್ತಿರಬೇಕೆಂದೇನಿಲ್ಲ. ಟಚ್ ಗಾಜು ಅಂಟಿಸಿದ ಪರದೆಗಳನ್ನು ಬಿಡಿಸಲು ಹೋದರೆ ಒಡೆಯುವುದೇ ಹೆಚ್ಚು, ಅವನ್ನು ಮುಟ್ಟದಿರುವುದು ಲೇಸು. ಎಲ್‌ಇಡಿಗಿಂತ ಹಿಂದಿನ ಪ್ಯಾನೆಲ್‌ಗಳಲ್ಲಿ ಬ್ಯಾಕ್‌ಲೈಟ್ ಆಗಿ ಸಣ್ಣ ಫ್ಲೋರೊಸೆಂಟ್ ಟ್ಯೂಬ್ ಇರುತ್ತದೆ. ಅದನ್ನು ಉರಿಸುವ ಇನ್ವರ್ಟರ್ ನೂರಾರು ವೋಲ್ಟ್ ಕೊಡುತ್ತದೆ, ಟ್ಯೂಬಿನೊಳಗೆ ಪಾದರಸವೂ ಇದೆ. ಅಂಥವನ್ನು ಮನೆಯಲ್ಲಿ ಮಾಡಬೇಡಿ ಎಂದೇ ಹೇಳುತ್ತೇನೆ.

ಪರದೆಯೊಳಗೇ ಕಂಪ್ಯೂಟರ್ ಇರುವ ಆಪಲ್‌ನ ಐಮ್ಯಾಕ್ ಇದ್ದವರೂ ಕೇಳುತ್ತಾರೆ. 2009ರ ಕೊನೆಯ ಮತ್ತು 2010ರ 27 ಇಂಚಿನವು, ಆಮೇಲೆ 2011ರಿಂದ 2014ರ ಮಧ್ಯದವರೆಗಿನವು 'ಟಾರ್ಗೆಟ್ ಡಿಸ್‌ಪ್ಲೇ ಮೋಡ್'ನಲ್ಲಿ ಬೇರೆ ಹಳೆಯ ಮ್ಯಾಕ್‌ಗೆ ಮಾನಿಟರ್ ಆಗಬಲ್ಲವು. ಆದರೆ ಯಂತ್ರ ಜೀವಂತವಿರಬೇಕು. 2014ರ ಕೊನೆಗೆ ಬಂದ 5ಕೆ ಮಾದರಿಗೆ ಆ ಸೌಲಭ್ಯವೇ ಇಲ್ಲ.

ಖರ್ಚಿನ ಮಾತು: 1366×768 ಚುಕ್ಕೆಗಳ (ಪಿಕ್ಸೆಲ್) ಮಸುಕಾದ ಪರದೆಗೆ ಬೋರ್ಡ್, ಅಡಾಪ್ಟರ್ ಎರಡನ್ನೂ ಕೊಳ್ಳುವ ಬದಲು ಸೆಕೆಂಡ್‌ಹ್ಯಾಂಡ್ ಮಾನಿಟರ್ ನೋಡಿ. ಮನೆಯಲ್ಲಿ ಸಿಸಿಟಿವಿ ನೋಡಲೋ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೋ ಸಾಕು ಅನ್ನಿಸಿದರೆ ಸರಿ. 1920×1080ರ, ಯಾವ ಕೋನದಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಬಗೆಯ ಪ್ಯಾನೆಲ್ ಆದರೆ ಎರಡು ಮಾತಿಲ್ಲ, ಗುಜರಿಗೆ ಹಾಕಬೇಡಿ.

ಚೌಕಟ್ಟಿಗೆ ಹಳೆಯ ಮುಚ್ಚಳವೇ ಒಳ್ಳೆಯದು, ಪ್ಯಾನೆಲ್‌ನ ಸ್ಕ್ರೂ ತೂತುಗಳು ಅದರಲ್ಲಿ ಸರಿಯಾಗಿ ಕೂರುತ್ತವೆ. ಬೋರ್ಡನ್ನು ಹಿಂದೆ ಸ್ಪೇಸರ್ (ಅಂತರ ಬಿಡಿಸುವ ಪುಟ್ಟ ಕಂಬ) ಕೊಟ್ಟು ಕೂರಿಸಿ, ಲೋಹದ ಬೆನ್ನಿಗೆ ಬೋರ್ಡಿನ ಬೆಸುಗೆ ತಾಗಬಾರದು. ಪ್ಯಾನೆಲ್‌ನ ಕೆಳಅಂಚಿನ ಉದ್ದನೆಯ ಸರ್ಕಿಟ್ ಪಟ್ಟಿಯ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಿ. ಅದು ಒಮ್ಮೆ ಬಾಗಿತೆಂದರೆ ಪರದೆಯಲ್ಲಿ ಉದ್ದ ಗೆರೆಗಳು ಮೂಡುತ್ತವೆ, ಅದಕ್ಕೆ ರಿಪೇರಿ ಇಲ್ಲ.