ಲೂಪಸ್‌ಗೆ ಗಾಂಜಾ ಎಣ್ಣೆ: ಈ ಮಾತು ನಡೆದು ಬಂದ ದಾರಿ

ಲೂಪಸ್‌ಗೆ ಗಾಂಜಾ ಎಣ್ಣೆ ಒಳ್ಳೆಯದಂತೆ. ತುಮಕೂರು ಕಡೆ ಈ ಮಾತು ಈಗ ಮೊಬೈಲ್‌ನಿಂದಲೇ ಬರುತ್ತದೆ. ಕೀಲು ನೋವಿಗೆ ಏನಾದರೂ ಇದೆಯಾ ಅಂತ ಒಮ್ಮೆ ಹುಡುಕಿದರೆ ಸಾಕು, ಆಮೇಲೆ ಜಾಹೀರಾತು ಬೆನ್ನು ಬಿಡುವುದಿಲ್ಲ. ಕಂದು ಬಣ್ಣದ ಪುಟ್ಟ ಬಾಟಲಿ, ಅದಕ್ಕೊಂದು ಡ್ರಾಪರ್, ನಾಲಿಗೆ ಕೆಳಗೆ ನಾಲ್ಕು ಹನಿ. ಬೆಲೆ ಸಾವಿರಗಳಲ್ಲಿ.

ಮೊದಲು ಕಾಯಿಲೆ ವಿಚಾರ. ಮೈಯ ಕಾವಲು ವ್ಯವಸ್ಥೆಯೇ ಮೈಮೇಲೆ ತಿರುಗಿ ಬೀಳುವುದು ಲೂಪಸ್. ಹತ್ತು ರೋಗಿಗಳಲ್ಲಿ ಒಂಬತ್ತು ಮಂದಿ ಹೆಂಗಸರು, ಅದರಲ್ಲೂ ಹೆಚ್ಚಿನವರು ದುಡಿಯುವ, ಮಕ್ಕಳನ್ನು ಹೆರುವ ವಯಸ್ಸಿನವರು. ನಮ್ಮ ಕಡೆ ಇದು ಗೊತ್ತಾಗುವುದೇ ತಡ. ಕೆನ್ನೆ ಕೆಂಪಾದರೆ ಬಂಗು ಅಂತಾರೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚೋಕೆ ಆಗದಿದ್ದರೆ ವಾಯು ಅಂತಾರೆ. ಕೂದಲು ಉದುರಿದರೆ ಬೋರ್‌ವೆಲ್ ನೀರಿನ ಮೇಲೆ ಹೇಳುತ್ತಾರೆ. ಬಂಗು ಕಂದಗಿರುತ್ತದೆ. ಲೂಪಸ್ ಕೆಂಪು ಸಾಮಾನ್ಯವಾಗಿ ಎರಡೂ ಕೆನ್ನೆಗೆ ಹರಡಿ, ಮೂಗಿನ ಮೇಲೆ ಹಾದು, ಮೂಗಿನಿಂದ ತುಟಿಗೆ ಇಳಿಯುವ ಗೆರೆಯನ್ನು ಮಾತ್ರ ಬಿಟ್ಟಿರುತ್ತದೆ. ಬಿಸಿಲಿಗೆ ಹೋದರೆ ಜಾಸ್ತಿಯಾಗುತ್ತದೆ. ಎಎನ್‌ಎ ಅನ್ನುವ ರಕ್ತ ಪರೀಕ್ಷೆ ಬರೆಯುವ ಡಾಕ್ಟರ್ ಸಿಗುವಷ್ಟರಲ್ಲಿ ಎಷ್ಟೋ ಜನಕ್ಕೆ ವರ್ಷಗಳೇ ಕಳೆದಿರುತ್ತವೆ. ಆಮೇಲೆ ಪಾವಗಡದಿಂದಲೋ ಶಿರಾದಿಂದಲೋ ಬೆಂಗಳೂರಿನ ರುಮಟಾಲಜಿ (ಕೀಲುವಾತ, ಲೂಪಸ್‌ನಂಥ ಕಾಯಿಲೆ ನೋಡುವ) ಡಾಕ್ಟರ್ ಹತ್ತಿರ ಹೋಗಿ ಬರಲು ಒಂದು ದಿನ, ಒಂದು ದಿನದ ಕೂಲಿ. ಇಷ್ಟೆಲ್ಲ ಸುಸ್ತಾದ ಮೇಲೆ ಮನೆಗೇ ಬರುವ ಎಣ್ಣೆ ಕಡೆ ಮನಸ್ಸು ಹೋದರೆ ಆಶ್ಚರ್ಯವೇನಿಲ್ಲ.

ಗಾಂಜಾಕ್ಕೂ ಕೀಲು ನೋವಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ವಿಲಿಯಂ ಓಶಾನೆಸಿ ಅನ್ನುವ ಡಾಕ್ಟರ್ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಇಲ್ಲಿಯ ಜನ ಬಳಸುತ್ತಿದ್ದ ಗಾಂಜಾವನ್ನು ಮೊದಲು ಪ್ರಾಣಿಗಳ ಮೇಲೆ, ಆಮೇಲೆ ರೋಗಿಗಳ ಮೇಲೆ ಪ್ರಯೋಗಿಸಿ 1839ರಲ್ಲಿ ಬರೆದರು. ಆ ರೋಗಿಗಳಲ್ಲಿ ಕೀಲುವಾತದವರೂ ಇದ್ದರು. ಒಬ್ಬನಿಗೆ ಔಷಧಿ ಎಷ್ಟು ಏರಿತು ಅಂದರೆ, ಅವನ ಕೈಯನ್ನು ಎತ್ತಿ ಹೇಗೆ ಇಟ್ಟರೆ ಹಾಗೇ ನಿಲ್ಲುತ್ತಿತ್ತು. ಡಾಕ್ಟರ್ ಗಾಬರಿಯಾದರು. ಆದರೂ ನೋವಿಗೆ, ಸೆಳೆತಕ್ಕೆ ಇದು ಉಪಯೋಗ ಅನ್ನುವ ಸುದ್ದಿ ಇಂಗ್ಲೆಂಡಿಗೆ ಹೋಯಿತು. ಅಲ್ಲಿ ಇದರ ಟಿಂಚರ್ ದಶಕಗಟ್ಟಲೆ ಮಾರಾಟವಾಯಿತು.

ಅಷ್ಟಾದರೂ ಅದು ಉಳಿಯಲಿಲ್ಲ. ಒಂದು ಬಾಟಲಿಯ ಕಸುವು ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಅಷ್ಟರಲ್ಲಿ ಆಸ್ಪಿರಿನ್ ಬಂತು. 1932ರಲ್ಲಿ ಬ್ರಿಟಿಷ್ ಫಾರ್ಮಕೋಪಿಯಾದಿಂದ, ಅಂದರೆ ಅಲ್ಲಿಯ ಅಧಿಕೃತ ಔಷಧಿಗಳ ಪಟ್ಟಿಯಿಂದ, ಗಾಂಜಾ ಹೊರಬಿತ್ತು.

ಇದರ ಪಕ್ಕದಲ್ಲೇ ಇನ್ನೊಂದು ಗಿಡದ ಕಥೆ ನಡೆಯುತ್ತಿತ್ತು. ನನಗೆ ಹೆಚ್ಚು ಮುಖ್ಯ ಅನಿಸುವುದು ಅದೇ. 1894ರಲ್ಲಿ ಎರಡು ಸಂಗತಿ ನಡೆದವು. ಗಾಂಜಾ ಬಗ್ಗೆ ವಿಚಾರಿಸಲು ಸರ್ಕಾರ ನೇಮಿಸಿದ್ದ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ ಏಳು ಸಂಪುಟಗಳ ವರದಿ ಕೊಟ್ಟಿತು. ಮಿತವಾಗಿ ಬಳಸಿದರೆ ಅಂಥ ಅಪಾಯವಿಲ್ಲ, ಪೂರ್ತಿ ನಿಷೇಧ ಬೇಡ, ತೆರಿಗೆ ಹಾಕಿ ಹದ್ದುಬಸ್ತಿನಲ್ಲಿಟ್ಟರೆ ಸಾಕು ಅಂತ ಅದರ ಸಾರಾಂಶ. ಅದೇ ವರ್ಷ ಲಂಡನ್ನಿನಲ್ಲಿ ಪೇನ್ ಎಂಬ ಡಾಕ್ಟರ್ ಲೂಪಸ್‌ನ ಚರ್ಮದ ಗಾಯಗಳಿಗೆ ಕ್ವಿನೈನ್ ಕೊಟ್ಟದ್ದನ್ನು ವಿವರಿಸಿದರು. ಕ್ವಿನೈನ್ ಅಂದರೆ ಸಿಂಕೋನಾ ಮರದ ತೊಗಟೆಯಿಂದ ಬರುವ ಮಲೇರಿಯಾ ಔಷಧಿ.

ಗಾಂಜಾ ಅಬಕಾರಿ ಇಲಾಖೆ ಕಡೆ ಹೋಯಿತು, ತೊಗಟೆ ಔಷಧಿ ಆಸ್ಪತ್ರೆ ಕಡೆ. ಎರಡನೇ ಮಹಾಯುದ್ಧದಲ್ಲಿ ಮಲೇರಿಯಾ ಬಾರದಿರಲಿ ಅಂತ ಸೈನಿಕರಿಗೆ ಮೆಪಾಕ್ರಿನ್ ಮಾತ್ರೆ ಕೊಟ್ಟರು. ಕ್ವಿನೈನ್ ಬದಲಿಗೆ ಕಾರ್ಖಾನೆಯಲ್ಲಿ ತಯಾರಾದದ್ದು ಅದು. ಕೆಲವರಿಗೆ ಮೊದಲಿನಿಂದ ಇದ್ದ ಚರ್ಮದ ಕಾಯಿಲೆ, ಕೀಲು ನೋವು ಕಡಿಮೆಯಾಯಿತು. 1951ರಲ್ಲಿ ಲೂಪಸ್‌ಗೆ ಮೆಪಾಕ್ರಿನ್ ಕೊಟ್ಟ ವರದಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 1955ರಲ್ಲಿ ಅಮೆರಿಕದಲ್ಲಿ ಅದೇ ಬಗೆಯ ಇನ್ನೊಂದು ಮಲೇರಿಯಾ ಔಷಧಿ ಹೈಡ್ರಾಕ್ಸಿಕ್ಲೋರೋಕ್ವಿನ್‌ಗೆ ಒಪ್ಪಿಗೆ ಸಿಕ್ಕಿತು. ಇದು ನಿಜವಾಗಿ ಕೆಲಸ ಮಾಡುತ್ತಾ ಅಂತ ಕೆನಡಾದವರು 47 ರೋಗಿಗಳಲ್ಲಿ ಪರೀಕ್ಷಿಸಿದರು. ಮಾತ್ರೆಯಲ್ಲಿ ಸ್ಥಿರವಾಗಿದ್ದವರಲ್ಲಿ ಕೆಲವರಿಗೆ ಅದನ್ನು ಮುಂದುವರಿಸಿ, ಉಳಿದವರಿಗೆ ಗೊತ್ತಾಗದ ಹಾಗೆ ಹುಸಿ ಮಾತ್ರೆ ಕೊಟ್ಟರು. 1991ರಲ್ಲಿ ಫಲಿತಾಂಶ ಬಂತು: ಹುಸಿ ಮಾತ್ರೆಯವರಿಗೆ ಕಾಯಿಲೆ ಮತ್ತೆ ಕೆರಳುವ ಸಂಭವ ಎರಡೂವರೆ ಪಟ್ಟು.

ಇವತ್ತು ಲೂಪಸ್ ಇರುವ ಹೆಚ್ಚುಕಡಿಮೆ ಎಲ್ಲರಿಗೂ ಡಾಕ್ಟರ್ ಬರೆಯುವುದು ಇದೇ ಮಾತ್ರೆ. ಒಂದಕ್ಕೆ ಹತ್ತು ರೂಪಾಯಿ ಆಸುಪಾಸು. ಜಾಸ್ತಿ ದಿನ ತಗೊಂಡರೆ ಕಣ್ಣಿನ ಪರದೆಗೆ ತೊಂದರೆ ಆಗಬಹುದು, ಅದಕ್ಕೇ ತೂಕ ನೋಡಿ ಡೋಸ್ ಕೊಡುತ್ತಾರೆ, ಕಣ್ಣು ಪರೀಕ್ಷೆ ಮಾಡಿಸುತ್ತಾರೆ. 2020ರಲ್ಲಿ ಕೋವಿಡ್‌ಗೆ ಇದು ಮದ್ದು ಅಂತ ಎದ್ದ ಗುಲ್ಲಿಗೆ ಜನ ಮುಗಿಬಿದ್ದಾಗ ಮಾತ್ರೆ ಸಿಗದೆ ಪರದಾಡಿದವರು ಲೂಪಸ್ ರೋಗಿಗಳೇ.

ಗಾಂಜಾಕ್ಕೆ ಇಂಥ ಪರೀಕ್ಷೆಯ ಅವಕಾಶ ಯಾಕೆ ಸಿಗಲಿಲ್ಲ? ಕಾನೂನಿಗೂ ಇದರಲ್ಲಿ ಪಾಲಿದೆ. 1961ರ ವಿಶ್ವಸಂಸ್ಥೆ ಒಪ್ಪಂದ ಗಾಂಜಾವನ್ನು ಹೆರಾಯಿನ್ ಜೊತೆ ಅತಿ ಬಿಗಿಯಾದ ಪಟ್ಟಿಯಲ್ಲಿ ಕೂರಿಸಿತು. ನಮ್ಮಲ್ಲಿ 1985ರಲ್ಲಿ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆ ಬಂತು. ಆ ಬಿಗಿ ಪಟ್ಟಿಯಿಂದ ಗಾಂಜಾ ಹೊರಬಂದದ್ದು 2020ರ ಡಿಸೆಂಬರ್‌ನಲ್ಲಿ, ಭಾರತವೂ ಅದರ ಪರ ಮತ ಹಾಕಿತು. ಅಷ್ಟರಲ್ಲಿ ಅರವತ್ತು ವರ್ಷ ಕಳೆದಿತ್ತು.

ಹಾಗಂತ ಪ್ರಯೋಗಾಲಯಗಳು ಸುಮ್ನೆ ಕೂತಿರಲಿಲ್ಲ. ಗಾಂಜಾದಲ್ಲಿ ನಶೆ ಏರಿಸುವ ಅಂಶ ಟಿಎಚ್‌ಸಿ ಅಂತ 1964ರಲ್ಲಿ ಇಸ್ರೇಲ್‌ನಲ್ಲಿ ಪತ್ತೆಯಾಯಿತು. ನಶೆ ಏರಿಸದ ಇನ್ನೊಂದು ಅಂಶ ಸಿಬಿಡಿ ಮೊದಲೇ ಗೊತ್ತಿತ್ತು. ಗಾಂಜಾದ ಅಂಶಗಳು ಹೋಗಿ ಕೂರುವ ಸಿಬಿ2 ಎಂಬ ಜಾಗ 1993ರಲ್ಲಿ ಸಿಕ್ಕಿತು. ಅದು ಹೆಚ್ಚಾಗಿ ಇರುವುದು ಕಾವಲು ಕಣಗಳ ಮೇಲೆ. ಲೂಪಸ್ ಅಂದರೆ ಕಾವಲು ಕಣಗಳ ದಾಂಧಲೆ, ಗಾಂಜಾ ಹೋಗಿ ತಟ್ಟುವುದು ಅದೇ ಕಣಗಳನ್ನು. ಹಾಗಾದರೆ ಕೆಲಸ ಮಾಡಲೇಬೇಕಲ್ವಾ? ಜಾಹೀರಾತು ಹಿಡಿದುಕೊಂಡಿರುವುದು ಈ ಎಳೆಯನ್ನೇ.

ಮನುಷ್ಯರ ಮೇಲಿನ ಪರೀಕ್ಷೆ ಅಷ್ಟು ಸಲೀಸಾಗಿ ಒಪ್ಪಲಿಲ್ಲ. ಸಿಬಿ2 ಜಾಗಕ್ಕೇ ಗುರಿಯಿಟ್ಟು ಮಾಡಿದ ಲೆನಾಬಾಸಮ್ ಎಂಬ ಔಷಧಿ, ಲೂಪಸ್‌ಗೆ ಹತ್ತಿರದ, ಚರ್ಮ ಗಟ್ಟಿಯಾಗುವ ಸ್ಕ್ಲೆರೋಡರ್ಮಾ ಕಾಯಿಲೆಯ ದೊಡ್ಡ ಪ್ರಯೋಗದಲ್ಲಿ 2020ರಲ್ಲಿ ಸೋತಿತು. ಡೆನ್ಮಾರ್ಕ್‌ನಲ್ಲಿ 136 ಜನ ಕೀಲು ನೋವಿನವರಿಗೆ ಹನ್ನೆರಡು ವಾರ ಸಿಬಿಡಿ ಕೊಟ್ಟು ನೋಡಿದರು. 2021ರ ವರದಿ ಪ್ರಕಾರ ಹುಸಿ ಮಾತ್ರೆಗಿಂತ ಏನೂ ಹೆಚ್ಚಿಲ್ಲ. ಇನ್ನೊಂದು ಕಡೆ, 2006ರಲ್ಲಿ ಬ್ರಿಟನ್‌ನಲ್ಲಿ ರುಮಟಾಯ್ಡ್ ಸಂಧಿವಾತದ 58 ಜನರಿಗೆ ಟಿಎಚ್‌ಸಿ, ಸಿಬಿಡಿ ಎರಡೂ ಇದ್ದ ಸ್ಪ್ರೇ ಕೊಟ್ಟಾಗ ನೋವು ಸ್ವಲ್ಪ ತಗ್ಗಿತು, ನಿದ್ದೆ ಚೆನ್ನಾಗಿ ಬಂತು. ಹಾಗಾಗಿ ಎಣ್ಣೆ ಹಾಕಿಕೊಂಡ ಮೇಲೆ ನಿದ್ದೆ ಬಂತು ಅನ್ನುವವರು ಸುಳ್ಳು ಹೇಳುತ್ತಿಲ್ಲ. ಲೂಪಸ್ ಕಾಯಿಲೆಯನ್ನೇ ಇದು ಹಿಡಿದು ನಿಲ್ಲಿಸುತ್ತದೆ ಅಂತ ತೋರಿಸಿದ ಪ್ರಯೋಗ ಮಾತ್ರ ಒಂದೂ ಇಲ್ಲ. ಲೂಪಸ್‌ನಲ್ಲಿ ಹೆದರಬೇಕಾದ್ದು ನೋವಿಗಲ್ಲ, ಕಿಡ್ನಿಗೆ. ಕಿಡ್ನಿ ಹಾಳಾಗುವಾಗ ನೋವೇ ಇರುವುದಿಲ್ಲ. ಮೂತ್ರದಲ್ಲಿ ನೊರೆ, ಕಾಲಲ್ಲಿ ಊತ, ಅಷ್ಟೇ.

ಈಗ ಬಾಟಲಿ ಒಳಗೇನಿದೆ ಅನ್ನುವ ಪ್ರಶ್ನೆ. ಎಣ್ಣೆ ಒಂದೇ ಬಗೆಯಲ್ಲ. ಬೀಜದಿಂದ ತೆಗೆದದ್ದು ಅಡುಗೆ ಎಣ್ಣೆ. 2021ರಲ್ಲಿ ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ಅದನ್ನು ಆಹಾರವಾಗಿ ಒಪ್ಪಿತು, ಕಿಲೋಗೆ 10 ಮಿಲಿಗ್ರಾಂಗಿಂತ ಹೆಚ್ಚು ಟಿಎಚ್‌ಸಿ ಇರಕೂಡದು ಎಂಬ ಷರತ್ತಿನ ಮೇಲೆ. ಅದರಲ್ಲಿ ಔಷಧಿ ಅಂಶ ಇಲ್ಲವೇ ಇಲ್ಲ ಅನ್ನಬಹುದು. ಎಲೆಯ ಸಾರ ಬೇರೆ. ಹೂವಿನ ತುದಿ ಇಲ್ಲದ ಬರೀ ಭಂಗಿ ಸೊಪ್ಪು ಎನ್‌ಡಿಪಿಎಸ್ ವ್ಯಾಖ್ಯೆಯಲ್ಲಿ ಬರುವುದಿಲ್ಲ, 2022ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಒಂದು ಜಾಮೀನು ಪ್ರಕರಣದಲ್ಲಿ ಹೀಗೇ ಹೇಳಿತು. ಆಯುರ್ವೇದದಲ್ಲಿ ಇದಕ್ಕೆ ವಿಜಯಾ ಅಂತ ಹೆಸರು. ವೈದ್ಯರ ನಿಗಾದಲ್ಲೇ ಕೊಡಬೇಕಾದ ವಿಷ ದ್ರವ್ಯಗಳ ಪಟ್ಟಿಯಲ್ಲಿ ಅದೂ ಇದೆ. ಆನ್‌ಲೈನ್ ಬಾಟಲಿಗಳು ಬರುವುದು ಹೆಚ್ಚಾಗಿ ಈ ದಾರಿಯಲ್ಲಿ. ಹೂವು, ಅಂಟಿನಿಂದ ತೆಗೆದ ಗಟ್ಟಿ ಎಣ್ಣೆಯನ್ನಂತೂ ಕಾಯ್ದೆ ಚರಸ್ ಜೊತೆಗೇ ಸೇರಿಸಿದೆ. ಯಾರೋ ಪರಿಚಯದವರು ತಂದುಕೊಟ್ಟರು ಅಂತ ಅದನ್ನು ಇಟ್ಟುಕೊಂಡರೆ ಕಥೆ ಪೊಲೀಸ್ ಸ್ಟೇಷನ್‌ನಲ್ಲಿ ಮುಂದುವರಿಯುತ್ತದೆ.

ಕೊರಟಗೆರೆ ಹತ್ತಿರದ ಸಿದ್ಧರಬೆಟ್ಟದ ಗಿಡಮೂಲಿಕೆ ಮೇಲೆ ನಮ್ಮ ಜನಕ್ಕೆ ನಂಬಿಕೆ ಹಳೆಯದು. ಸೊಪ್ಪಿನ ಔಷಧಿ ಅಂದ ತಕ್ಷಣ ಅನುಮಾನ ಅರ್ಧ ಇಳಿಯುತ್ತದೆ. ಗುಬ್ಬಿ ಕಡೆಯ ಪರಿಚಯದ ಹೆಣ್ಣುಮಗಳೊಬ್ಬಳು ಬಾಟಲಿ ಕೈಗಿಟ್ಟು, "ಅಣ್ಣಾ, ಇದ್ರಲ್ಲಿ ಏನೈತೆ ಓದಿ ಹೇಳಿ" ಅಂದಳು. 30 ಎಂಎಲ್, 1,500 ಮಿಲಿಗ್ರಾಂ ಎಕ್ಸ್‌ಟ್ರಾಕ್ಟ್ ಅಂತಿತ್ತು. ಅದರಲ್ಲಿ ಸಿಬಿಡಿ ಎಷ್ಟು, ಟಿಎಚ್‌ಸಿ ಎಷ್ಟು ಅಂತ ಇರಲಿಲ್ಲ. ಲೆಕ್ಕ ಹಾಕಿದರೆ ನಾಲ್ಕು ಹನಿಗೆ ಸುಮಾರು 10 ಮಿಲಿಗ್ರಾಂ ಸಾರ. 2018ರಲ್ಲಿ ಅಮೆರಿಕ ಮಕ್ಕಳ ಅಪರೂಪದ ಮೂರ್ಛೆರೋಗಕ್ಕೆ ಒಪ್ಪಿದ ಸಿಬಿಡಿ ಔಷಧಿಯ ಡೋಸ್ ದಿನಕ್ಕೆ ಕಿಲೋ ತೂಕಕ್ಕೆ 10 ಮಿಲಿಗ್ರಾಂ. ಐವತ್ತು ಕಿಲೋ ಇರುವವರಿಗೆ ಅದು 500 ಮಿಲಿಗ್ರಾಂ ಆಗುತ್ತದೆ. ಲೇಬಲ್ ನಂಬುವುದೂ ಕಷ್ಟ. ಆನ್‌ಲೈನ್‌ನಲ್ಲಿ ಕೊಂಡ 84 ಸಿಬಿಡಿ ಸರಕುಗಳನ್ನು ಪರೀಕ್ಷಿಸಿದ ಅಮೆರಿಕದ 2017ರ ವರದಿ ಪ್ರಕಾರ, ಲೇಬಲ್ ಸರಿಯಿದ್ದದ್ದು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ, 18ರಲ್ಲಿ ಟಿಎಚ್‌ಸಿ ಸಿಕ್ಕಿತು.

ಜಾಹೀರಾತುದಾರರು ಲೂಪಸ್ ಹೆಸರನ್ನು ನೇರವಾಗಿ ಹೇಳದೆ "ಆಟೋಇಮ್ಯೂನ್ ಸಪೋರ್ಟ್" (ಕಾವಲು ವ್ಯವಸ್ಥೆ ತಿರುಗಿ ಬೀಳುವ ಕಾಯಿಲೆಗಳಿಗೆ ನೆರವು) ಅನ್ನುವುದಕ್ಕೆ ಕಾರಣವಿದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ, ಯಾವ ಯಾವ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡಬಾರದು ಅನ್ನುವ ಪಟ್ಟಿ ಕೊಟ್ಟಿದೆ. ಅದರಲ್ಲಿ ಲೂಪಸ್ ಕೂಡ ಇದೆ. ಎಪ್ಪತ್ತು ವರ್ಷದ ಹಿಂದೆಯೇ ಇಂಥವರನ್ನು ಕಂಡವರು ಬರೆದ ಪಟ್ಟಿ ಇರಬೇಕು.

ಬಾಟಲಿ ಈಗಾಗಲೇ ಮನೆಯಲ್ಲಿದ್ದರೆ ಡಾಕ್ಟರಿಂದ ಮುಚ್ಚಿಡಬೇಡಿ. ಕಿಡ್ನಿಗೆ ಪೆಟ್ಟಾದ ಲೂಪಸ್‌ನಲ್ಲಿ ಕಾವಲು ವ್ಯವಸ್ಥೆಯನ್ನು ತಗ್ಗಿಸುವ ಟ್ಯಾಕ್ರೋಲಿಮಸ್ ಎಂಬ ಔಷಧಿ ಕೊಡುವುದುಂಟು. ಸಿಬಿಡಿ ಲಿವರ್‌ನಲ್ಲಿ ಆ ಔಷಧಿ ಕರಗುವುದನ್ನು ನಿಧಾನ ಮಾಡುತ್ತದೆ, ರಕ್ತದಲ್ಲಿ ಅದು ಏರಿ ಕಿಡ್ನಿಗೇ ಹೊಡೆತ ಬೀಳಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್‌ಗೂ ಇದೇ ತೊಂದರೆ. ಲೂಪಸ್‌ಗೇ ಕೊಡುವ, ಲಿವರ್‌ಗೆ ಭಾರವಾಗಬಲ್ಲ ಅಜಾಥಯೋಪ್ರಿನ್ ಅಥವಾ ಮೆಥೋಟ್ರೆಕ್ಸೇಟ್ ತಗೊಳ್ಳುತ್ತಿದ್ದರೆ ಲಿವರ್ ಪರೀಕ್ಷೆ ಬೇಗ ಮಾಡಿಸಬೇಕಾದೀತು. ಬಸುರಿಯಾಗುವ ಯೋಚನೆ ಇದ್ದರೆ ಎಣ್ಣೆ ಬೇಡವೇ ಬೇಡ. ಗುಬ್ಬಿಯ ಹೆಣ್ಣುಮಗಳು ಮುಂದಿನ ಸಲ ಬೆಂಗಳೂರಿಗೆ ಹೋಗುವಾಗ ಬಾಟಲಿಯನ್ನೂ ಮಾತ್ರೆಗಳ ಚೀಲದಲ್ಲೇ ಹಾಕಿಕೊಂಡು ಹೋದಳು. ಡಾಕ್ಟರ್ ಬೈಯಲಿಲ್ಲವಂತೆ. ಲೇಬಲ್ ಓದಿ, ಎಷ್ಟು ದಿನದಿಂದ ಅಂತ ಕೇಳಿ, ಚೀಟಿಯಲ್ಲಿ ಲಿವರ್ ಪರೀಕ್ಷೆ, ಮೂತ್ರದ ಪ್ರೋಟೀನ್ ಎರಡನ್ನೂ ಬರೆದರಂತೆ.